ಹೆಸರಿಗೆ ಮುಂಚಿನ ಮೌನ

ಆ ಮಸೀದಿಯನ್ನು ಪ್ರೊಫೆಸರು ಕಣ್ಣಾರೆ ಕಂಡವರಲ್ಲ, ಕಿವಿಯಾರೆ ಕಂಡವರು. ಫ್ಯಾನು ಎಲ್ಲಿ ತಿರುಗುತ್ತದೆ, ಪಾರಿವಾಳ ಎಷ್ಟು ಎತ್ತರದಲ್ಲಿ ರೆಕ್ಕೆ ಬಡಿಯುತ್ತದೆ, ಕೆಮ್ಮುವ ಮುದುಕ ಯಾವ ಮೂಲೆಯಲ್ಲಿ ಕೂರುತ್ತಾನೆ, ಎಲ್ಲ ಗೊತ್ತಿತ್ತು. ವಿಶ್ವವಿದ್ಯಾಲಯದ ಮೇಲಂತಸ್ತಿನಲ್ಲಿ, ಲಿಫ್ಟಿನ ಯಂತ್ರಕ್ಕೆ ಅಂಟಿಕೊಂಡ ಕಿರುಕೋಣೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಏರಿಸಿ ಗುಂಡಿ ಒತ್ತಿದರೆ ಸಾಕು, ಮಂಜಿನಿಂದ ಮೇಲೇಳುವ ಹಡಗಿನ ಹಾಗೆ ಆ ಮಸೀದಿ ಎದ್ದು ಬರುತ್ತಿತ್ತು. ಅವರು ಸದ್ದಾಗದಂತೆ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತುಬಿಡುತ್ತಿದ್ದರು. ಹೊರಗೆ ಲಿಫ್ಟು ಏರುವುದು ಇಳಿಯುವುದು ಕಡಲಿನ ಉಸಿರಾಟದ ಹಾಗೆ ಕೇಳುತ್ತಿತ್ತು.

ಮಸೀದಿ ಇದ್ದದ್ದು ಕಡಲಾಚೆಯ ಒಂದು ಬಂದರು ಊರಿನಲ್ಲಿ. ಆ ದೇಶದ ದೊರೆಯ ಕಚೇರಿ ಇವರ ವೀಸಾ ಅರ್ಜಿಯನ್ನು ಪ್ರತಿ ಸಲವೂ ತಿರುಗಿಸಿ ಕಳಿಸುತ್ತಿತ್ತು. "ಅರಬ್ ರಾಜಕಾರಣ ಓದೋಳಿಗೆ ಅರಬ್ ದೇಶವೇ ಬಾಗಿಲು ಹಾಕಿದರೆ ಏನಮ್ಮ ಮಾಡ್ತೀಯ?" ಎಂದು ಹಿರಿಯ ಮೇಷ್ಟರೊಬ್ಬರು ಮೊದಮೊದಲು ಕೇಳಿದ್ದರು. "ಬಾಗಿಲು ಹಾಕಿದರೆ ಕಣ್ಣಿಗೆ ಕತ್ತಲೆ ಸಾರ್, ಕಿವಿಗೇನೂ ಆಗಲ್ಲ" ಎಂದಿದ್ದರು ಇವರು. ಆ ಊರಿನ ಬೀದಿ ಬದಿಗಳಲ್ಲಿ ಶುಕ್ರವಾರದ ಪ್ರವಚನಗಳ ಕ್ಯಾಸೆಟ್ಟು ಮಾರುತ್ತಿದ್ದರು. ಹಡಗಿನ ಅಡುಗೆಯವರು, ಅಲ್ಲಿ ಕೆಲಸ ಮಾಡಿ ಬಂದ ನರ್ಸುಗಳು, ಯಾರ್ಯಾರೋ ತಂದುಕೊಡುತ್ತಿದ್ದರು. ಕೋಣೆಯ ಗೋಡೆಗಳು ನಿಧಾನವಾಗಿ ಕ್ಯಾಸೆಟ್ಟುಗಳಿಂದ ಮುಚ್ಚಿಹೋದವು. ವಿದ್ಯಾರ್ಥಿಗಳು ಪ್ರೊಫೆಸರಿಗೆ ಕಿವಿಯಮ್ಮ ಎಂದು ಹೆಸರಿಟ್ಟರು. ಅದು ಅವರ ಕಿವಿಗೂ ಬಿತ್ತು, ಬೀಳದೆ ಇರುತ್ತದೆಯೇ?

ಕೇಳುವುದು ಅವರಿಗೆ ಮನೆಯಲ್ಲೇ ಬಂದ ವಿದ್ಯೆ. ಅಪ್ಪ ನಸುಕಿನಲ್ಲಿ ಎದ್ದು ಪವಿತ್ರ ವಚನಗಳನ್ನು ರಾಗವಾಗಿ ಓದುತ್ತಿದ್ದರು. ಮಕ್ಕಳು ಹೊದಿಕೆಯೊಳಗಿಂದಲೇ ಕೇಳುತ್ತಿದ್ದರು. ಅರ್ಥ ಏನಿದ್ದರೂ ಆಮೇಲೆ. "ಉಸಿರು ಎಲ್ಲಿ ನಿಲ್ಲತ್ತೆ ಅಂತ ಕೇಳು ಮಗಳೇ. ಮಾತು ಯಾರು ಬೇಕಾದ್ರೂ ಕಲೀತಾರೆ. ಉಸಿರು ಮಾತ್ರ ಅವರವರದ್ದೇ" ಎನ್ನುತ್ತಿದ್ದರು ಅಪ್ಪ. ನಿದ್ದೆಗೂ ಎಚ್ಚರಕ್ಕೂ ನಡುವಿನ ಆ ತೆಳು ಹೊತ್ತಿನಲ್ಲಿ ಕಲಿತದ್ದನ್ನೇ ಮಗಳು ಮುಂದೆ ಶಾಸ್ತ್ರ ಮಾಡಿದಳು. ಉಳಿದ ವಿದ್ವಾಂಸರು ಪ್ರವಚನದ ಮಾತುಗಳನ್ನು ಬರೆದುಕೊಂಡರೆ, ಕಿವಿಯಮ್ಮ ಪ್ರವಚನದ ಉಸಿರುಗಳನ್ನು ಬರೆದುಕೊಂಡರು.

ಅವರ ಹೆಸರು ಹತ್ತು ದೇಶಕ್ಕೆ ಹಬ್ಬಿದ್ದು ಒಬ್ಬ ಖತೀಬರಿಂದ. ಖತೀಬರೆಂದರೆ ಶುಕ್ರವಾರ ಪೀಠವೇರಿ ಪ್ರವಚನ ಹೇಳುವವರು. ಪ್ರವಚನದ ಕೊನೆಗೆ ಅವರು ಎಲ್ಲರಿಗಾಗಿ ಬೇಡುತ್ತಾರೆ: ಹಾಸಿಗೆ ಹಿಡಿದವರಿಗೆ, ದಾರಿಯಲ್ಲಿರುವವರಿಗೆ, ತೀರಿಹೋದವರಿಗೆ. ಒಂದೊಂದು ಬೇಡಿಕೆಗೂ ಸಭೆ 'ಆಮೀನ್', ಹಾಗೇ ಆಗಲಿ, ಎನ್ನುತ್ತದೆ. ಕೊನೆಗೆ ದೊರೆಯ ಹೆಸರು ಹಿಡಿದು ಅವನಿಗೊಂದು ಪ್ರಾರ್ಥನೆ. ಹಿಂದಿನ ಕಾಲದಲ್ಲಿ ಯಾವ ಊರಿನ ಪೀಠ ದೊರೆಯ ಹೆಸರು ಬಿಟ್ಟಿತೋ ಆ ಊರು ತಿರುಗಿಬಿದ್ದಿತೆಂದೇ ಅರ್ಥ. ಆದ್ದರಿಂದ ಈ ಶಾಸ್ತ್ರದವರ ಕಿವಿ ಯಾವಾಗಲೂ ಆ ಜಾಗದಲ್ಲಿ ನಿಮಿರಿರುತ್ತದೆ. ಈ ಖತೀಬರು ಹೆಸರು ಬಿಡುತ್ತಿರಲಿಲ್ಲ. ಆದರೆ ತೀರಿಹೋದವರ ಪ್ರಾರ್ಥನೆ ಮುಗಿಸಿ, ಸಭೆ ಆಮೀನ್ ಎಂದಮೇಲೂ, ದೊರೆಯ ಹೆಸರಿಗೆ ಮುಂಚೆ ನಿಂತುಬಿಡುತ್ತಿದ್ದರು. ಫ್ಯಾನು ತಿರುಗುತ್ತಿತ್ತು. ಮುದುಕ ಕೆಮ್ಮುತ್ತಿದ್ದ. ಆಮೇಲೆ ಹೆಸರು. ಜನ ದೊರೆಯ ವಿರುದ್ಧ ಚೌಕದಲ್ಲಿ ಸೇರಿದಾಗ ಸೈನಿಕರು ಗುಂಡು ಹಾರಿಸಿದ ಆ ವರ್ಷ, ಮೌನ ಎಷ್ಟು ಉದ್ದವಾಯಿತೆಂದರೆ, ಮೊದಲ ಸಲ ಕೇಳಿದಾಗ ಕ್ಯಾಸೆಟ್ಟೇ ನಿಂತುಹೋಯಿತೆಂದು ಕಿವಿಯಮ್ಮ ಯಂತ್ರದ ಬೆನ್ನು ತಟ್ಟಿದ್ದರು.

'ಹೆಸರಿಗೆ ಮುಂಚಿನ ಮೌನ' ಎಂಬ ಅವರ ಪುಸ್ತಕ ಹುಟ್ಟಿದ್ದು ಹಾಗೆ. ಒಂದು ಉಸಿರಿನ ಬಿಡುವಿನಲ್ಲಿ ಒಬ್ಬ ಮನುಷ್ಯ ದೊರೆಯನ್ನು ಹೇಗೆ ಎದುರಿಸಿದ ಎಂಬುದು ಅದರ ವಾದ. ಪುಸ್ತಕ ಅರಬ್ಬಿಗೂ ಹೋಯಿತು. ಕುರ್ಚಿ ಬಂತು, ಶಾಲು ಬಂತು, ಟೀವಿಯವರ ಮೈಕು ಬಂತು. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ನಮ್ಮತ್ತೆ ನೇರವಾಗಿ ಬಂಗಾರದ ವ್ಯಾಪಾರಕ್ಕೇ ಇಳಿದ್ರು" ಎಂದು ಅಣ್ಣನ ಮಗಳು ನಗುತ್ತಿದ್ದಳು.

ಆ ಅಣ್ಣನ ಮಗಳು ವಕೀಲೆ. ಊರು ಬಿಟ್ಟು ಓಡಿಬಂದವರಿಗೆ ಇಲ್ಲಿ ಆಶ್ರಯ ಕೊಡಿಸುವ ಕೇಸುಗಳೇ ಅವಳ ಪಾಲಿಗೆ. ಒಂದು ಬೆಳಿಗ್ಗೆ ಅವಳ ಫೋನು ಬಂತು.

"ಅತ್ತೆ, ಕೂತ್ಕೊಳ್ಳಿ."

"ಕೂತೇ ಇದೀನಲ್ಲೇ."

"ಹಾಗಾದ್ರೆ ಗಟ್ಟಿಯಾಗಿ ಕೂತ್ಕೊಳ್ಳಿ. ನಿಮ್ಮ ಖತೀಬರು ಬಂದಿದಾರೆ."

"ಯಾವ ವರ್ಷದ್ದು?"

"ಕ್ಯಾಸೆಟ್ಟಲ್ಲ ಅತ್ತೆ, ಮನುಷ್ಯರೇ ಬಂದಿದಾರೆ. ತಪ್ಪಿಸ್ಕೊಂಡು ಬಂದು ಆಶ್ರಯ ಕೇಳಿದಾರೆ. ಮುಂದಿನ ವಾರ ವಿಚಾರಣೆ. ವಾಪಸ್ ಕಳಿಸಿದ್ರೆ ಅಲ್ಲಿ ಜೈಲೇ ಗತಿ, ಜೀವಂತ ಹೊರಗೆ ಬರ್ತಾರೆ ಅನ್ನೋ ನಂಬಿಕೆ ನನಗಿಲ್ಲ. ನೀವು ಬಂದು ನಿಮ್ಮ ಪುಸ್ತಕದಲ್ಲಿ ಇರೋದನ್ನೇ ಹೇಳಿ, ಕೇಸು ಗೆದ್ದ ಹಾಗೇ."

ವಕೀಲೆಯ ಕಚೇರಿ ಒಂದು ಲಾಂಡ್ರಿಯ ಮೇಲಿತ್ತು. ಇಸ್ತ್ರಿಯ ಆವಿ ಮೆಟ್ಟಿಲ ಸಂದಿಯಿಂದ ಮೇಲೇರಿ, ಕಿಟಕಿಯ ಗಾಜನ್ನೆಲ್ಲ ಹಾಲಿನ ಬಣ್ಣಕ್ಕೆ ತಿರುಗಿಸಿತ್ತು. ಆ ಬಿಳುಪಿನೊಳಗೆ ಉಣ್ಣೆಯ ಟೋಪಿ ಹಾಕಿಕೊಂಡ ಒಬ್ಬ ಕುಳ್ಳ ಮುದುಕ ಕೂತಿದ್ದರು. ಕುರ್ಚಿಯಿಂದ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕಿವಿಯಮ್ಮನ ಮನಸ್ಸಿನ ಖತೀಬರು ಎತ್ತರದ ಆಳು, ಭುಜ ಬಾಗಿಲಗಲ. ಇವರಾರೋ ಬೇರೆ ಎಂದುಕೊಳ್ಳುವಷ್ಟರಲ್ಲಿ ಮುದುಕ ಮೂಗಿನಿಂದ ಒಂದು ಉಸಿರೆಳೆದರು. ಅಷ್ಟೇ ಸಾಕಾಯಿತು. ಕಿವಿಯಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಬಾ ತಂಗಿ, ಕೂತ್ಕೋ" ಎಂದರು ಮುದುಕ ಅರಬ್ಬಿಯಲ್ಲಿ. "ನನ್ನ ಬಗ್ಗೆ ಬರೆದೋಳು ನೀನೇ ಅಂತೆ. ನಾನು ಓದಿದೀನಿ. ಅಂದ್ರೆ ಅಲ್ಲಿನ ಪೊಲೀಸರು ಓದಿಸಿದ್ರು. ಮೇಜಿನ ಮೇಲೆ ಬಡಿದು ಬಡಿದು ಓದಿಸಿದ್ರು. ಬರವಣಿಗೆ ಚೆನ್ನಾಗಿದೆ."

ಕಿವಿಯಮ್ಮ ಕುರ್ಚಿ ಎಳೆದು ಕೂತರು. ತಂದಿದ್ದ ಟೇಪ್‌ರೆಕಾರ್ಡರನ್ನು ಮೇಜಿನ ಮೇಲಿಟ್ಟು, ಆ ವರ್ಷದ ಕ್ಯಾಸೆಟ್ಟನ್ನೇ ಹಾಕಿದರು. ಮೂವತ್ತರ ಹರೆಯದ ದನಿಯೊಂದು ಆವಿಯ ಕೋಣೆಯಲ್ಲಿ ಎದ್ದು ನಿಂತಿತು. ಮುದುಕ ತಲೆಬಾಗಿಸಿ ಕೇಳಿದರು, ಬೇರೆ ಯಾರದೋ ಮಗನ ಮಾತು ಕೇಳುವವರ ಹಾಗೆ. ತೀರಿಹೋದವರ ಪ್ರಾರ್ಥನೆ ಬಂತು. ಸಭೆ ಆಮೀನ್ ಎಂದಿತು. ಮೌನ. ಮುದುಕ ಕುರ್ಚಿಯಿಂದ ಮುಂದಕ್ಕೆ ಜರುಗಿ, ಕಿವಿಯನ್ನು ಯಂತ್ರದ ಹತ್ತಿರ ತಂದರು. ಫ್ಯಾನು ತಿರುಗುತ್ತಲೇ ಇತ್ತು. ಅವರ ತುಟಿ ಅಲುಗಿತು.

"ಇಲ್ಲ, ಬರಲ್ಲ. ಬರಲ್ಲ ಅಂತ ಗೊತ್ತಿದ್ರೂ ಕಾಯ್ತಾ ಇದ್ದೆ."

"ಯಾರು ಬರಲ್ಲ, ಮೌಲವಿಗಳೇ?"

"ಅಮ್ಮ."

ಮೇಲ್ಗಡೆ, ಹೆಂಗಸರ ಮರದ ಜಾಲರಿಯ ಹಿಂದೆ, ಅವರ ತಾಯಿ ಕೂರುತ್ತಿದ್ದರಂತೆ. ವಯಸ್ಸಾಗಿತ್ತು, ಕಿವಿ ಮಂದ, ನಾಲಗೆ ನಿಧಾನ. ಇಡೀ ಸಭೆ ಆಮೀನ್ ಎಂದು ಮುಗಿಸಿದ ಮೇಲೆ ಮುದುಕಿಯ ಆಮೀನ್ ಒಂದೇ ಒಂದು, ಹಿಂದುಳಿದ ಕುರಿಮರಿಯ ಹಾಗೆ, ಮೇಲಿಂದ ಇಳಿದು ಬರುತ್ತಿತ್ತು. ತೀರಿಹೋದವರ ಪ್ರಾರ್ಥನೆಯೆಂದರೆ ಅಮ್ಮನಿಗೆ ಅಪ್ಪನ ಪ್ರಾರ್ಥನೆ.

"ಅಮ್ಮನ್ನ ದಾಟಿಕೊಂಡು ದೊರೆ ಹತ್ರ ಹೋಗಕ್ಕೆ ನನಗೆ ಕಾಲೇ ಬರ್ತಿರಲಿಲ್ಲ ತಂಗಿ. ಅಮ್ಮ ಬರಲಿ, ಆಮೇಲೆ ದೊರೆ. ದೊರೆಗೇನು ಅವಸರ, ಕುರ್ಚಿ ಮೇಲೆ ಕೂತಿದಾನೆ."

"ಕ್ಯಾಸೆಟ್ಟಲ್ಲಿ ಅವರ ದನಿ ಇಲ್ಲವಲ್ಲ?"

"ಮೈಕು ಕೆಳಗಿತ್ತು, ಅಮ್ಮನ ದನಿ ಎಳೆಯಷ್ಟು ಸಣ್ಣದು. ಆ ದನಿ ಕೇಳಬೇಕಾದ್ರೆ ಮಗನಾಗಿ ಹುಟ್ಟಿರಬೇಕಿತ್ತು."

"ಈ ದಿನದ್ದು?" ಕಿವಿಯಮ್ಮ ಯಂತ್ರದ ಕಡೆ ಬೆರಳು ಮಾಡಿದರು. "ಚೌಕದಲ್ಲಿ ಗುಂಡು ಹಾರಿದ ಮೇಲಿನ ಶುಕ್ರವಾರ ಇದು."

"ಅಮ್ಮನ್ನ ಮಣ್ಣು ಮಾಡಿದ ಮೇಲಿನ ಶುಕ್ರವಾರ" ಎಂದರು ಮುದುಕ.

ವಕೀಲೆ ಇಬ್ಬರ ಮುಖವನ್ನೂ ನೋಡಿದಳು. "ಏನಂತಾರೆ ಅತ್ತೆ? ನನಗೂ ಸ್ವಲ್ಪ ಹೇಳಿ." ಕಿವಿಯಮ್ಮ ಕನ್ನಡಿಸಿ ಹೇಳಿದರು. ಹೇಳುತ್ತ ಹೇಳುತ್ತ, ತಾನೇ ಕಟ್ಟಿದ ಮನೆಯ ಇಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ ಕೊಟ್ಟಂತಾಯಿತು. ವಕೀಲೆ ಪೆನ್ನು ಕೆಳಗಿಟ್ಟಳು.

"ಇದನ್ನ ಅಲ್ಲಿನ ಪೊಲೀಸರಿಗೆ ಹೇಳಲಿಲ್ವಂತಾ?"

ಕಿವಿಯಮ್ಮ ನಡುವೆ ಕೂತು ಇಬ್ಬರ ಮಾತನ್ನೂ ದಾಟಿಸಿದರು. "ಹೇಳಿದೆ. ನಕ್ಕರು" ಎಂದರು ಮುದುಕ. "ಅಷ್ಟು ದೊಡ್ಡ ಪ್ರೊಫೆಸರಿಗಿಂತ ನಿನಗೆ ಹೆಚ್ಚು ಗೊತ್ತಾ ಅಂದ್ರು. ಪುಸ್ತಕ ಬರೋವರೆಗೂ ನನ್ನ ಮೌನ ಯಾರಿಗೂ ಕೇಳಿಸಿರಲಿಲ್ಲ. ಬಂದ ಮೇಲೆ ಅರಮನೆಗೆ ಬೇರೇನೂ ಕೇಳಿಸಲಿಲ್ಲ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ" ಎಂದು ವಕೀಲೆ ಗೊಣಗಿದಳು. ಆಮೇಲೆ ಅತ್ತೆಯ ಕಡೆ ವಾಲಿ ದನಿ ತಗ್ಗಿಸಿದಳು. "ಅತ್ತೆ, ಕೇಳಿ. ಅಮ್ಮನ ಕತೆ ವಿಚಾರಣೆಯಲ್ಲಿ ಎತ್ತೋದೇ ಬೇಡ. ಅವರು ದೊರೆಯ ವಿರೋಧಿಯೇ ಅಲ್ಲ ಅಂತಾದ್ರೆ, ಅಪಾಯ ಎಲ್ಲಿದೆ, ಮನೆಗೆ ಹೋಗಿ ಅಂತ ಬರೆದುಬಿಡ್ತಾರೆ. ನೀವು ಪುಸ್ತಕದಲ್ಲಿ ಬರೆದದ್ದನ್ನ ಬರೆದ ಹಾಗೇ ಹೇಳಿ. ಹಾವೂ ಸಾಯತ್ತೆ, ಕೋಲೂ ಮುರಿಯಲ್ಲ."

"ಹುಡುಗಿ ಏನಂತಾಳೆ?"

ಕಿವಿಯಮ್ಮ ಹೇಳಿದರು. ಮುದುಕ ಮುಗುಳ್ನಕ್ಕರು. "ಜಾಣೆ. ಆದರೆ ನನ್ನ ಕೇಳಿದ್ರೆ ನಾನು ಅಮ್ಮ ಅಂತಲೇ ಹೇಳೋನು. ಆಣೆ ಮಾಡಿ ಸುಳ್ಳು ಹೇಳಿ ಉಳ್ಕೊಂಡ್ರೆ, ಉಳ್ಕೊಂಡೋನು ಯಾರು? ನಾನಂತೂ ಅಲ್ಲ."

ಮಾರನೆಯ ಮಧ್ಯಾಹ್ನ ಕಿವಿಯಮ್ಮ ಕಿರುಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅದೇ ಕ್ಯಾಸೆಟ್ಟು. ಮಸೀದಿ ಎದ್ದು ಬಂತು, ಆದರೆ ಯಾವುದೂ ಇದ್ದಲ್ಲಿ ಇರಲಿಲ್ಲ. ಖತೀಬರು ಗಿಡ್ಡಗಾಗಿದ್ದರು. ಬರೀ ಗೋಡೆಯಿದ್ದ ಕಡೆ ಮರದ ಜಾಲರಿಯೊಂದು ಬೆಳೆದಿತ್ತು. ಅದರ ತೂತುಗಳಿಂದ ಬೆಳಕು ಕಾಳು ಕಾಳಾಗಿ ಸುರಿಯುತ್ತಿತ್ತು. ಕಿವಿಯಮ್ಮ ಹಿಂದಿನ ಸಾಲಿನಿಂದೆದ್ದು ಮೆಟ್ಟಿಲು ಹತ್ತಿದರು. ಮೇಲೆ ಯಾರೂ ಇಲ್ಲ. ಒಂದು ಚಾಪೆಯ ಮೇಲೆ ಕೂತವರ ಗುರುತು ಮಾತ್ರ ಉಳಿದಿತ್ತು. ಕೆಳಗೆ ಆ ಮನುಷ್ಯ ಮುಖವೆತ್ತಿ ಜಾಲರಿಯನ್ನೇ ನೋಡುತ್ತ ನಿಂತಿದ್ದ. ಇಷ್ಟು ವರ್ಷ ಬೆಂಕಿಯೆಂದು ಅವರು ಕೈ ಕಾಯಿಸಿಕೊಂಡದ್ದು, ಯಾರೋ ಒಬ್ಬಳಿಗಾಗಿ ಕಿಟಕಿಯಲ್ಲಿಟ್ಟಿದ್ದ ದೀಪ.

ಆಮೇಲೆ ಕೊನೆಯ ಹಲಗೆಯಿಂದ ಇನ್ನೊಂದು ಕ್ಯಾಸೆಟ್ಟು ತೆಗೆದರು. ಅದು ಅವರ ಹೆಮ್ಮೆಯ ಕ್ಯಾಸೆಟ್ಟು: ಆ ದೇಶದ ರೇಡಿಯೋದಲ್ಲಿ ಮಂತ್ರಿಯೊಬ್ಬ ಈ ಖತೀಬರನ್ನು ಮೌನದಲ್ಲಿ ವಿಷವಿಟ್ಟ ದ್ರೋಹಿ ಎಂದು ಜರೆದ ಭಾಷಣ. ಪುಸ್ತಕದ ಎರಡನೆಯ ಮುದ್ರಣದಲ್ಲಿ ಅದನ್ನು ಅವರೇ ಸೇರಿಸಿದ್ದರು. ನೋಡಿ, ಅರಮನೆಯೇ ಒಪ್ಪಿಕೊಂಡಿದೆ, ನನ್ನ ವಾದಕ್ಕೆ ಇನ್ನೇನು ಸಾಕ್ಷಿ ಬೇಕು, ಎಂದು. ಈಗ ಕೇಳಿದರು. ಮಂತ್ರಿ ಉಸಿರೆಳೆದುಕೊಂಡ. "ಆತ ಹೆಸರನ್ನು ಬಿಡಲಿಲ್ಲ, ಹೆಸರು ತನ್ನ ಸರದಿಗಾಗಿ ಬಾಗಿಲಲ್ಲಿ ಕಾಯುವಂತೆ ಮಾಡಿದ" ಎಂದ.

ಆ ವಾಕ್ಯ ಕಿವಿಯಮ್ಮನದು. ಅವರ ಪುಸ್ತಕದ್ದೇ, ಅರಬ್ಬಿಗೆ ಹೋದ ವಾಕ್ಯ. ಮಂತ್ರಿ ಅದನ್ನು ಹಾಗೇ ಎತ್ತಿಕೊಂಡಿದ್ದ. ಬೆಟ್ಟದೆದುರು ನಿಂತು ಕೂಗಿದ್ದೂ ತಾನೇ, ಬೆಟ್ಟ ಉತ್ತರ ಕೊಟ್ಟಿತೆಂದು ಬರೆದುಕೊಂಡದ್ದೂ ತಾನೇ. ಉಸಿರು ಉಸಿರಿನ ಗುರುತು ಹಿಡಿಯುವ ಕಿವಿಗೆ ತನ್ನ ಮಾತಿನ ಗುರುತು ಮಾತ್ರ ಸಿಕ್ಕಿರಲಿಲ್ಲ.

ವಿಚಾರಣೆಯ ಕೋಣೆ ಚಿಕ್ಕದು. ಉದ್ದ ಮೇಜು, ಬೂದು ಪರದೆ, ನೆಲಕ್ಕೆ ಸವೆದ ಕಾರ್ಪೆಟ್ಟು. ಅಧಿಕಾರಿಗೆ ನೆಗಡಿಯಾಗಿತ್ತು. ಆತ ಮೂಗೊರೆಸಿಕೊಳ್ಳುತ್ತ ಮೊದಲೇ ಕೇಳಿದ:

"ಸಾಕ್ಷಿ ಹೇಳೋಕೆ ಬಂದಿರೋರು ವಕೀಲರ ಅತ್ತೆ ಅಂತೆ?"

"ಹೌದು ಸಾರ್" ಎಂದಳು ವಕೀಲೆ. "ಆದರೆ ಈ ವಿಷಯಕ್ಕೆ ಬೇರೆ ಯಾರನ್ನ ಕರೆಸಿದ್ರೂ, ಅವರು ಓದಿರೋದು ನಮ್ಮತ್ತೆ ಪುಸ್ತಕವನ್ನೇ."

ಅಧಿಕಾರಿ ನಕ್ಕು, ದುಭಾಷಿಯ ಮೂಲಕ ಖತೀಬರನ್ನು ಕೇಳಿದ. ಖತೀಬರು ಅಮ್ಮ ಎಂದರು. ಜಾಲರಿ, ಆಮೀನು, ಎಲ್ಲ ಹೇಳಿದರು. ಅಧಿಕಾರಿಯ ಪೆನ್ನು ನಿಂತಿತು. ಅವನ ಮುಖದಲ್ಲಿ ಕರುಣೆಯಿತ್ತು. ಆ ಕರುಣೆಯೇ ವಕೀಲೆಯನ್ನು ಹೆದರಿಸಿತು. "ಹಾಗಾದರೆ ನೀವು ಸರ್ಕಾರವನ್ನ ವಿರೋಧಿಸಲಿಲ್ಲ" ಎಂದ ಅವನು. "ಇಲ್ಲ" ಎಂದರು ಖತೀಬರು. ಅಧಿಕಾರಿ ಏನನ್ನೋ ಬರೆದುಕೊಂಡು ಕಿವಿಯಮ್ಮನ ಕಡೆ ತಿರುಗಿದ.

"ನಿಮ್ಮ ಪುಸ್ತಕ ಬೇರೇನೇ ಹೇಳತ್ತೆ, ಪ್ರೊಫೆಸರೇ. ಯಾವುದು ಸರಿ?"

ವಕೀಲೆ ಅತ್ತೆಯ ಕಣ್ಣನ್ನೇ ನೋಡುತ್ತಿದ್ದಳು. ಬಾಲ್ಯದಲ್ಲಿ ಮನೆಪಾಠ ಹೇಳಿಕೊಡುವಾಗ ಸುಳ್ಳು ಹೇಳಿದರೆ ಕಿವಿ ಹಿಂಡುತ್ತಿದ್ದ ಅತ್ತೆ. ಇವತ್ತು ಅದೇ ಅತ್ತೆ ಒಂದು ಸುಳ್ಳು ಹೇಳಿದರೆ ಸಾಕಿತ್ತು.

"ಅವರು ಹೇಳಿದ್ದು ಸರಿ" ಎಂದರು ಕಿವಿಯಮ್ಮ. "ನನ್ನ ಪುಸ್ತಕ ತಪ್ಪು."

ವಕೀಲೆ ಕಣ್ಣು ಮುಚ್ಚಿದಳು.

"ಪೂರ್ತಿ ಕೇಳಿ ಸಾರ್. ನನ್ನ ತಪ್ಪು ಇಲ್ಲಿ ಕಪಾಟಿನಲ್ಲಿ ಕೂತಿಲ್ಲ. ಅಲ್ಲಿಗೆ ಹೋಗಿದೆ. ಈ ಭಾಷಣ ಕೇಳಿ." ಮಂತ್ರಿಯ ದನಿ ಬೂದು ಕೋಣೆಯಲ್ಲಿ ಮೊಳಗಿತು. ದುಭಾಷಿ ಅನುವಾದಿಸಿದ. ಕಿವಿಯಮ್ಮ ಪುಸ್ತಕ ತೆರೆದು ಅದೇ ವಾಕ್ಯದ ಮೇಲೆ ಬೆರಳಿಟ್ಟರು. "ಇವರು ದೊರೆಯನ್ನ ವಿರೋಧಿಸಲಿಲ್ಲ. ವಿರೋಧಿಸಿದ್ರು ಅಂತ ನಾನು ಬರೆದೆ. ಅರಮನೆಯವರು ನಂಬಿದ್ರು. ಇವರ ಪೀಠ ಹೋದದ್ದು, ಇವರು ಜೈಲಿನಲ್ಲಿ ಕೂತದ್ದು, ಎಲ್ಲ ಆ ನಂಬಿಕೆಯಿಂದ. ಅಮ್ಮನ ಮಾತು ಇವರು ಅಲ್ಲೂ ಹೇಳಿದಾರೆ, ಕೇಳಿದ ಪೊಲೀಸರು ನಕ್ಕಿದಾರೆ. ಅಪಾಯಕ್ಕೆ ಇವರು ಏನು ಮಾಡಿದ್ರು ಅನ್ನೋದು ಬೇಕಿಲ್ಲ ಸಾರ್. ಕೈಯಲ್ಲಿ ಕೋಲು ಇರೋನು ಏನು ಅಂದ್ಕೊಂಡಿದಾನೆ ಅನ್ನೋದು ಸಾಕು."

"ತಪ್ಪಾಯ್ತು ಅಂತ ನೀವು ಈಗ ಬರೆದು ಪ್ರಕಟಿಸಬಹುದಲ್ಲ?"

"ಬರೀತೀನಿ. ಬರೆಯೋದು ನನ್ನ ಋಣ. ಆದರೆ ಅವರು ಏನಂತಾರೆ ಹೇಳಲಾ? ಮುದುಕನ್ನ ಉಳಿಸಕ್ಕೆ ಸುಳ್ಳು ಬರೆದಳು ಅಂತಾರೆ. ಹಾಲು ಒಡೆದ ಮೇಲೆ ಸಕ್ಕರೆ ಹಾಕಿದ ಹಾಗೆ."

"ಇದರಿಂದ ನಿಮ್ಮ ಕೆಲಸದ ಗತಿ ಏನಾಗತ್ತೆ ಗೊತ್ತಲ್ಲ?" ಅಧಿಕಾರಿಯ ದನಿ ಮೆತ್ತಗಾಗಿತ್ತು. "ಹೇಳಿದ್ದೆಲ್ಲ ದಾಖಲಾಗತ್ತೆ."

"ದಾಖಲು ಮಾಡ್ಕೊಳ್ಳಿ" ಎಂದರು ಕಿವಿಯಮ್ಮ. "ಸ್ಪಷ್ಟವಾಗಿ ಕೇಳಿಸದಿದ್ರೆ ಇನ್ನೊಂದು ಸಲ ಹೇಳ್ತೀನಿ."

ಎಲ್ಲರನ್ನೂ ಹೊರಗೆ ಕಳಿಸಿ ಅಧಿಕಾರಿ ಊಟದ ಹೊತ್ತಿನವರೆಗೂ ಒಳಗೇ ಉಳಿದ. ಹೊರಬಂದು, ನಿಂತುಕೊಂಡೇ, ಖತೀಬರು ಇಲ್ಲಿ ಉಳಿಯಬಹುದು, ಲಿಖಿತ ಆದೇಶ ಸಂಜೆಯೊಳಗೆ ಸಿಗುತ್ತದೆ ಎಂದ. ವಕೀಲೆ ಅತ್ತೆಯ ಭುಜ ಹಿಡಿದು ಒಮ್ಮೆ ಗಟ್ಟಿಯಾಗಿ ಅಲುಗಿಸಿದಳು. "ಅತ್ತೆ, ನಿಮ್ಮನ್ನ ನಂಬಿ ಕೇಸು ನಡೆಸೋರಿಗೆ ಎದೆ ಗಟ್ಟಿ ಇರಬೇಕು" ಎಂದು, ನಗುತ್ತಲೋ ಅಳುತ್ತಲೋ, ಕಾಗದಗಳಿಗಾಗಿ ಓಡಿದಳು.

ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೇ ಉಳಿದರು. ಕಿವಿಯಮ್ಮನಿಗೆ ಮೈ ಹಗುರವಾಗಿ, ಖಾಲಿಯಾಗಿ, ತಾನು ಯಾರದೋ ಕನಸಿನ ಅಂಚಿನಲ್ಲಿ ಕೂತಂತಿತ್ತು. ಇನ್ನು ಆ ಪುಸ್ತಕವನ್ನು ವಾಪಸು ಪಡೆಯಬೇಕು. ವಿಭಾಗದಲ್ಲಿ ಕೆಲವರು ಮರುಕಪಡುತ್ತಾರೆ. ಇನ್ನು ಕೆಲವರಿಗೆ ಹಬ್ಬ.

"ತಂಗಿ, ಒಳಗೆ ಒಂದು ಮಾತು ಬಿಟ್ಟೆ" ಎಂದರು ಖತೀಬರು.

"ಯಾವುದು?"

"ಆ ಶುಕ್ರವಾರ ನಾನು ನಿಂತಾಗ ಇಡೀ ಮಸೀದಿ ಅಳ್ತಾ ಇತ್ತು, ಸದ್ದಿಲ್ಲದೆ. ನನ್ನ ಅಮ್ಮ ಹೋದದ್ದು ಅಲ್ಲಿ ಯಾರಿಗೂ ಅಷ್ಟಾಗಿ ಗೊತ್ತಿರಲಿಲ್ಲ. ಚೌಕದಲ್ಲಿ ಹೋದ ಹುಡುಗರ ಅಪ್ಪಂದಿರೇ ಮುಂದೆ ಕೂತಿದ್ರು. ನಾನು ಅಮ್ಮನಿಗೆ ಅಂತ ಬಿಟ್ಟ ಜಾಗದಲ್ಲಿ ಅವರು ತಮ್ಮ ಮಕ್ಕಳನ್ನ ಕೂರಿಸಿಕೊಂಡರೋ ಏನೋ."

ಕಿವಿಯಮ್ಮ ಥಟ್ಟನೆ ತಿರುಗಿದರು. "ಇದನ್ನ ಒಳಗೆ ಯಾಕೆ ಹೇಳಲಿಲ್ಲ ಮೌಲವಿಗಳೇ? ಹೇಳಿದ್ರೆ ನನ್ನ ಪುಸ್ತಕ ಅರ್ಧವಾದ್ರೂ..."

"ನನ್ನ ಎದೆ ಬಗ್ಗೆ ನಾನು ಆಣೆ ಮಾಡಬಹುದು. ಅವರ ಎದೆಯೊಳಗೆ ಏನಿತ್ತು ಅಂತ ನಾನು ಹೇಗೆ ಆಣೆ ಮಾಡಲಿ?"

ಕಿವಿಯಮ್ಮ ತಲೆಯಾಡಿಸಿದರು. ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಅಲ್ಲೇ ಬಿಟ್ಟು, ಬೇರೆಯದನ್ನೇ ಕೇಳಿದರು:

"ಮುಂದೆ ಯಾರ್ಯಾರು ಕೂತಿದ್ರು?"

ಖತೀಬರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. "ಬಾಗಿಲ ಕಡೆಯಿಂದ ಹೇಳ್ಲಾ? ಮೊದಲನೆಯವನು ಬಲೆ ಹೆಣೆಯೋನು. ಅವನಿಗೆ ಒಬ್ಬನೇ ಮಗ, ಭಾರಿ ತುಂಟ. ಚಪ್ಪಲಿ ಅದಲು ಬದಲು ಮಾಡಿ ಇಟ್ಟು ಓಡಿಹೋಗ್ತಿದ್ದ. ಅವನ ಪಕ್ಕ ಬಸ್ಸಿನ ಕಂಡಕ್ಟರು, ಮಾತು ಜಾಸ್ತಿ, ಅವತ್ತು ಮಾತ್ರ ಒಂದೂ ಆಡಿರಲಿಲ್ಲ. ಆಮೇಲೆ..."

"ನಿಧಾನ ಹೇಳಿ" ಎಂದರು ಕಿವಿಯಮ್ಮ. "ಕಂಡಕ್ಟರಿನ ಮಗ ಹೇಗಿದ್ದ?"